ಕಲ್ಲಿನ ಸಾಕ್ಷಿ: ಪುರಾತತ್ತ್ವಜ್ಞನ ಕಾಯಕವನ್ನು ಕುರಿತು

ಹಿಂದೆ ನನ್ನಲ್ಲಿ ಓದಿದ ಹುಡುಗನೊಬ್ಬ ಕೆಲವು ದಿನಗಳ ಹಿಂದೆ ಮನೆಗೆ ಬಂದು, "ಗುರುಗಳೇ, ಪುರಾತತ್ತ್ವವನ್ನು ಓದಬೇಕೆಂದಿದ್ದೇನೆ. ಆ ವೃತ್ತಿಯಲ್ಲಿ ಮಾಡುವುದಾದರೂ ಏನು? ಮನೆಯವರು ನಿಧಿ ಅಗೆಯುವ ಕೆಲಸವೇ ಎಂದು ನಗುತ್ತಾರೆ" ಎಂದು ಕೇಳಿದನು. ನಾನು ಪುರಾತತ್ತ್ವಜ್ಞನಲ್ಲ. ಆಯುಷ್ಯದ ಬಹುಭಾಗವನ್ನು ಪಾಠಶಾಲೆಯಲ್ಲಿಯೂ, ಉಳಿದುದನ್ನು ವಚನದ ಕಟ್ಟುಗಳ ನಡುವೆಯೂ ಕಳೆದವನು. ಆದರೆ ನಮ್ಮ ಶರಣರ ಇತಿಹಾಸವನ್ನು ಓದಲು ಹೊರಟವನು ಹತ್ತು ಹೆಜ್ಜೆ ಇಡುವುದರೊಳಗೆ ಒಂದು ಶಿಲಾಶಾಸನವನ್ನು ಎಡವಲೇಬೇಕು. ಹಾಗೆ ಎಡವಿದ ಎರಡು ಕಲ್ಲುಗಳ ಕಥೆಯನ್ನು ಅವನಿಗೆ ಹೇಳಿದೆನು. ಆ ವೃತ್ತಿಯ ಸ್ವರೂಪವನ್ನು ಅವೆರಡೂ ಚೆನ್ನಾಗಿ ತೋರಿಸುತ್ತವೆಂಬ ಕಾರಣದಿಂದ ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲನೆಯದು ಅಬ್ಬಲೂರಿನದು. ಇಂದಿನ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿಗೆ ಸೇರಿದ ಈ ಊರನ್ನು ಸರ್ವಜ್ಞನ ಹೆಸರಿನೊಡನೆ ಕೂಡಿಸಿ ಹೇಳುವವರುಂಟು. ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ನೆಯ ಇಸವಿಯ ಒಂದು ದೀರ್ಘ ಶಾಸನವಿದೆ. ಆಳಂದೆಯಲ್ಲಿ ಹುಟ್ಟಿ, ಪುಲಿಗೆರೆಯ ಸೋಮನಾಥನನ್ನು ಸೇವಿಸಿ, ಅಬ್ಬಲೂರಿಗೆ ಬಂದ ಏಕಾಂತದ ರಾಮಯ್ಯನ ವೃತ್ತಾಂತ ಅದರ ವಸ್ತು. ಜೈನರೊಡನೆ ವಾದ ಬೆಳೆದು, ತಲೆಯನ್ನು ಅರಿದು ಶಿವನಿಗೊಪ್ಪಿಸಿ ಮರಳಿ ಪಡೆಯುವೆನೆಂದು ಆತ ಪಂಥ ಕಟ್ಟಿದುದು, ಓಲೆಯಲ್ಲಿ ಕರಾರು ಬರೆದುದು, ಏಳು ದಿನಗಳ ಮೇಲೆ ತಲೆ ಮರಳಿ ಕೂಡಿದುದು, ದೂರು ಬಿಜ್ಜಳನವರೆಗೆ ಹೋಗಿ ಅವನು ರಾಮಯ್ಯನಿಗೆ ಜಯಪತ್ರವನ್ನೂ ಭೂಮಿಯನ್ನೂ ಕೊಟ್ಟುದು, ಇವೆಲ್ಲ ಅದರಲ್ಲಿ ಬರುತ್ತವೆ. ಚಾಲುಕ್ಯ ನಾಲ್ಕನೆಯ ಸೋಮೇಶ್ವರನೂ ಕದಂಬ ಕಾಮದೇವನೂ ಮುಂದೆ ಮಾಡಿದ ದತ್ತಿಗಳೂ ಅಲ್ಲಿ ದಾಖಲಾಗಿವೆ. ದೇವಾಲಯದ ಗೋಡೆಯಲ್ಲಿ ಈ ಪ್ರಸಂಗದ ಶಿಲ್ಪಗಳಿವೆ; ಅವುಗಳ ಕೆಳಗೆ ಚಿಕ್ಕ ಬರಹಗಳೂ ಇವೆ. ಹರಿಹರನ ರಗಳೆಯನ್ನು ಓದಿದವರಿಗೆ ಕಥೆ ಪರಿಚಿತವೇ. ಒಂದು ಪಕ್ಷದವರು ನಿಲ್ಲಿಸಿದ ಕಲ್ಲು ಆ ಪಕ್ಷದ ಮಾತನ್ನೇ ಆಡುತ್ತದೆಂಬುದನ್ನು ಮಾತ್ರ ಓದುವಾಗ ಮರೆಯಬಾರದು. ಸೋತವರು ಕಲ್ಲು ನೆಡಿಸುವುದಿಲ್ಲ.

ಈ ಶಾಸನವನ್ನು ವಿದ್ವತ್ ಪ್ರಪಂಚಕ್ಕೆ ಒಪ್ಪಿಸಿದವರು ಜಾನ್ ಫೇತ್‌ಫುಲ್ ಫ್ಲೀಟ್. ಇವರು 1847ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದವರು. ಹೊಟ್ಟೆಪಾಡಿಗೆ ಕಂದಾಯದ ಕೆಲಸವಾದರೂ ಮನಸ್ಸಿಗೆ ಹಳಗನ್ನಡ. ದಕ್ಷಿಣ ವಿಭಾಗದಲ್ಲಿ ಕೆಲವು ಕಾಲ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರರೂ ಆಗಿದ್ದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಪುಣ್ಯವೂ ಅವರದೇ. 1883ರಿಂದ 1886ರವರೆಗೆ ಭಾರತ ಸರ್ಕಾರದ ಶಾಸನತಜ್ಞರಾಗಿ ಗುಪ್ತರ ಶಾಸನಗಳ ಸಂಪುಟವನ್ನು ಸಿದ್ಧಪಡಿಸಿದರು. ಅದು 1888ರಲ್ಲಿ ಪ್ರಕಟವಾಯಿತು. ಕನ್ನಡ ನಾಡಿನ ರಾಜವಂಶಗಳ ಕಾಲಾನುಕ್ರಮ ಇಂದು ನಮಗೆ ಅಂಗೈ ಮೇಲಿನ ನೆಲ್ಲಿಯಂತೆ ತೋರುತ್ತಿದ್ದರೆ ಅದರ ತಳಹದಿಯ ಅನೇಕ ಕಲ್ಲುಗಳನ್ನು ಹೊತ್ತವರು ಇವರು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವರನ್ನು ಆಕ್ಷೇಪಿಸುವ ಪ್ರಸಂಗವಿದೆ.

ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಅಬ್ಬಲೂರಿನ ಶಾಸನಗಳನ್ನು ಪ್ರಕಟಿಸುತ್ತ ಫ್ಲೀಟ್ ಅವರು ಒಂದು ತರ್ಕವನ್ನು ಹೂಡಿದರು. ಹನ್ನೆರಡನೆಯ ಶತಮಾನದಲ್ಲಿ ಶೈವಧರ್ಮದ ಪುನರುಜ್ಜೀವನ ಆಯಿತೆಂಬುದು ನಿಜ. ಆ ಕಾಲದ ಶಾಸನದಲ್ಲಿ ಏಕಾಂತದ ರಾಮಯ್ಯ ಎದ್ದು ಕಾಣುತ್ತಾನೆ. ಬಸವಣ್ಣನವರಾದರೋ ಬಿಜ್ಜಳನ ಮಂತ್ರಿಯೆಂದು ಪುರಾಣಗಳಲ್ಲಿ ಬರುತ್ತಾರೆ, ಶಾಸನಗಳಲ್ಲಿ ಬರುವುದಿಲ್ಲ. ಆದುದರಿಂದ ಈ ಚಳವಳಿಯ ನಿಜವಾದ ನಾಯಕ ರಾಮಯ್ಯನೇ ಇರಬೇಕು. ಬಸವಣ್ಣನವರ ಕಥೆ ಬಹುಮಟ್ಟಿಗೆ ತರುವಾಯದ ಪುರಾಣಕಾರರು ಬೆಳೆಸಿದುದು. ಅವರ ವಾದದ ಸಾರ ಇದು. ಇಂಗಳೇಶ್ವರ ಬಾಗೇವಾಡಿಯ ಸೀಮೆಯಲ್ಲಿಯೇ ಇರುವ ಮನಗೂಳಿಯ ಶಾಸನದಲ್ಲಿ ಬಸವ ಎಂಬ ಹೆಸರೂ ಮಾದಿರಾಜ ಎಂಬ ಹೆಸರೂ ಬರುತ್ತವೆಂಬುದನ್ನು ಅವರು ಗಮನಿಸದೆ ಇರಲಿಲ್ಲ. ಆದರೆ ಅಲ್ಲಿಯ ಬಸವ ಅಲ್ಲಿಯ ಮಾದಿರಾಜನ ಮಗನಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ವ್ಯಕ್ತಿಯೂ ಒಬ್ಬನೇ ಎನ್ನುವಂತಿಲ್ಲ. ಈ ಎಚ್ಚರದಲ್ಲಿ ಫ್ಲೀಟ್ ಅವರು ಸರಿಯಾಗಿಯೇ ಇದ್ದರು. ತಪ್ಪಿದುದು ಮುಂದಿನ ಹೆಜ್ಜೆಯಲ್ಲಿ: ಕಲ್ಲಿನ ಮೌನವನ್ನೇ ಅವರು ಸಾಕ್ಷ್ಯವೆಂದು ಎಣಿಸಿದರು.

ಮೊದಲು ಈ ವಾದವನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆಗಿನ್ನೂ ತರುಣ. ವಯಸ್ಸಾದಂತೆ ಆ ಸಿಟ್ಟಿನಿಂದ ಏನೂ ಫಲವಿಲ್ಲವೆಂದು ತಿಳಿಯಿತು. ಶಾಸನವನ್ನು ಶಾಸನದಿಂದಲೇ ಎದುರಿಸಬೇಕು. ಭಕ್ತಿಯಿಂದ ಎದುರಿಸಿದರೆ ಭಕ್ತರು ಮಾತ್ರ ಒಪ್ಪುತ್ತಾರೆ.

ಕಲ್ಲು ಏಕೆ ಸುಮ್ಮನಿತ್ತೆಂಬುದನ್ನು ಆಲೋಚಿಸೋಣ. ನಮ್ಮ ನಾಡಿನ ಶಿಲಾಶಾಸನಗಳು ಬಹುಪಾಲು ಆಸ್ತಿಯ ಪತ್ರಗಳು. ಯಾರೋ ಒಬ್ಬ ದೇವಾಲಯಕ್ಕೆ ಭೂಮಿ ಬಿಟ್ಟ, ಕೆರೆ ಕಟ್ಟಿಸಿದ, ಸುಂಕ ಬಿಟ್ಟುಕೊಟ್ಟ, ಊರಿನ ತುರುಗಳನ್ನು ಕಾಯುತ್ತ ಮಡಿದ. ಅದು ಚಂದ್ರಸೂರ್ಯರಿರುವ ತನಕ ನಡೆಯಲೆಂದು ಕಲ್ಲಿನಲ್ಲಿ ಕೊರೆಯಿಸಿದರು. ಪ್ರಶಸ್ತಿ, ವಂಶಾವಳಿ, ಅಲಂಕಾರಗಳೆಲ್ಲ ಆ ದತ್ತಿಗೆ ತೊಡಿಸಿದ ಅಂಗಿ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರು, ದೇಹವನ್ನೇ ದೇಗುಲವೆಂದು ಭಾವಿಸಿದವರು, ಸ್ಥಾವರ ಗುಡಿಗಳಿಗೆ ಉಂಬಳಿ ಬಿಡಿಸುವ ಉತ್ಸಾಹವನ್ನು ಎಲ್ಲಿಂದ ತರಬೇಕು? ಕಾಯಕದಿಂದ ಬಂದುದನ್ನು ಅಂದಂದಿಗೆ ದಾಸೋಹಕ್ಕೆ ಸಲ್ಲಿಸಿದರೆ ಅದಕ್ಕೆ ಕಲ್ಲಿನ ಪತ್ರ ಬೇಕಿಲ್ಲ. ಅದರ ಮೇಲೆ ಕಲ್ಯಾಣದ ಕ್ರಾಂತಿಯಲ್ಲಿ ಅರಮನೆಯೊಡನೆ ಸಂಬಂಧ ಕಡಿದುಹೋಯಿತು. ಅರಸನಿಗೆ ಬೇಡವಾದವರ ಹೆಸರನ್ನು ಅರಸನ ಕರಣಿಕರು ಕೊರೆಯಿಸುವರೆ? ಆದುದರಿಂದ ಬಿಜ್ಜಳನ ಕಾಲದ ಕಲ್ಲುಗಳಲ್ಲಿ ಬಸವಣ್ಣನವರ ಹೆಸರು ಸಿಗದಿರುವುದು ಆಶ್ಚರ್ಯವಲ್ಲ. ಕಲ್ಲು ಏನು ಹೇಳುತ್ತದೆಂದು ಕೇಳುವ ಮೊದಲು, ಅದನ್ನು ಯಾರು, ಯಾವ ಪ್ರಯೋಜನಕ್ಕಾಗಿ ನಿಲ್ಲಿಸಿದರೆಂದು ಕೇಳಬೇಕು. ಪುರಾತತ್ತ್ವಜ್ಞನಾಗುವವನು ಕಲಿಯಬೇಕಾದ ಮೊದಲ ಪಾಠ ಇದೆಂದು ನನ್ನ ಅಭಿಪ್ರಾಯ.

ಎರಡನೆಯ ಕಲ್ಲು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ್ದು. ಇದನ್ನು ಆರ್. ಎಸ್. ಪಂಚಮುಖಿಯವರು ಎಪಿಗ್ರಾಫಿಯಾ ಇಂಡಿಕಾದ 21ನೆಯ ಸಂಪುಟದಲ್ಲಿ ಸಂಪಾದಿಸಿ ಪ್ರಕಟಿಸಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನಾ ಸಂಸ್ಥೆ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ಇವರೇ. ಸೇವುಣರ ಅರಸು ಕನ್ನರನ ಆಳಿಕೆಯಲ್ಲಿ, ಶಕ ವರ್ಷ 1182ರಲ್ಲಿ, ಎಂದರೆ ಕ್ರಿಸ್ತಶಕ 1260ರಲ್ಲಿ ಹುಟ್ಟಿದ ಶಾಸನವಿದು. ಇದರಲ್ಲಿ ತರ್ದವಾಡಿ ನಾಡಿನ ಬಾಗವಾಡಿಯ ಒಡೆಯ ಮಾದಿರಾಜ ಬರುತ್ತಾನೆ; ಆತನ ಮಗನಾಗಿ ಬಸವರಾಜ ಬರುತ್ತಾನೆ; ಸಂಗನ ಬಸವನೆಂಬ ಹೆಸರೂ ಬರುತ್ತದೆ. ಈ ಬಸವರಾಜನ ಅಣ್ಣ ದೇವರಾಜ; ಆ ಅಣ್ಣನ ಸಂತತಿಯಲ್ಲಿ ಬಂದವನು ಹಾಲಬಸವಿದೇವ. ಈ ಹಾಲಬಸವಿದೇವನ ಸಂಬಂಧದಲ್ಲಿ ನಡೆದ ಒಂದು ದತ್ತಿಯನ್ನು ದಾಖಲಿಸುವುದಕ್ಕಾಗಿಯೇ ಶಾಸನ ಹುಟ್ಟಿತು. ವಂಶದ ಹಿರಿಮೆಯನ್ನು ಹೇಳುವ ಸಂದರ್ಭ ಬಂದುದರಿಂದ ಬಸವಣ್ಣನವರ ಹೆಸರು ಕಲ್ಲಿಗೇರಿತು. ಇಲ್ಲಿಯೂ ಮೂಲಕಾರಣ ಆಸ್ತಿಯ ಪತ್ರವೇ ಎಂಬುದನ್ನು ವಾಚಕರು ಗಮನಿಸಬೇಕು.

ಬಿಜ್ಜಳನ ಆಳಿಕೆ ಮುಗಿದು ಸುಮಾರು 90 ವರ್ಷಗಳಾದ ಮೇಲಿನ ಮಾತಿದು. ಮೂರು ತಲೆಮಾರು ಎಂದಿಟ್ಟುಕೊಳ್ಳಬಹುದು. ನಮ್ಮ ಮನೆಗಳಲ್ಲಿ ಮುತ್ತಜ್ಜನ ಹೆಸರು, ಆತನ ಊರು, ಅಣ್ಣತಮ್ಮಂದಿರ ವಿಚಾರ ಇಷ್ಟು ಕಾಲ ನೆನಪಿನಲ್ಲಿ ನಿಲ್ಲುವುದು ಸಹಜ. ಪುರಾಣಕಾರನ ಕಲ್ಪನೆಗೆ ಇಲ್ಲಿ ಎಡೆ ಕಡಿಮೆ. ಭೂಮಿಯ ವ್ಯವಹಾರದಲ್ಲಿ ಸುಳ್ಳು ವಂಶಾವಳಿ ಹೇಳಿದರೆ ಊರಿನ ಹಿರಿಯರು ಒಪ್ಪುವುದಿಲ್ಲ. ನಮ್ಮ ಜನ ಅಕ್ಕ ನಾಗಲಾಂಬಿಕೆಯ ಹೆಸರನ್ನು ಬಲ್ಲರು. ಅಣ್ಣ ದೇವರಾಜನ ಹೆಸರನ್ನು ಬಲ್ಲವರು ವಿರಳ. ಭಕ್ತರ ಬಾಯಲ್ಲಿ ಬಾಳದ ಆ ಅಣ್ಣನನ್ನು ಕಲ್ಲು ಉಳಿಸಿಕೊಟ್ಟಿತು. ಆ ಹೆಸರೇ ಶಾಸನದ ಪ್ರಾಮಾಣಿಕತೆಗೆ ಒಂದು ಗುರುತೆಂದು ನನಗೆ ತೋರುತ್ತದೆ. ಕೀರ್ತಿಗಾಗಿ ಕಟ್ಟಿದ ಕಥೆಯಾಗಿದ್ದರೆ ಬಸವಣ್ಣನವರ ಮಗನ ಸಂತತಿಯೆಂದೇ ಹೇಳಿಕೊಳ್ಳಬಹುದಿತ್ತಲ್ಲವೆ?

ಹಾಗೆಂದು ಈ ಶಾಸನದ ಬಾಯಲ್ಲಿ ನಮಗೆ ಬೇಕಾದ ಮಾತನ್ನೆಲ್ಲ ಆಡಿಸಕೂಡದು. ಬಾಗೇವಾಡಿಯ ಮಾದಿರಾಜನಿಗೆ ಬಸವನೆಂಬ ಮಗನಿದ್ದನು, ಆತನ ಭಕ್ತಿಯ ಖ್ಯಾತಿ 1260ರ ಹೊತ್ತಿಗೆ ನಾಡಿನಲ್ಲಿ ನೆಲೆಗೊಂಡಿತ್ತು ಎಂಬಷ್ಟನ್ನು ಅದು ಹೇಳುತ್ತದೆ. ಅನುಭವ ಮಂಟಪದ ವಿಚಾರವನ್ನಾಗಲಿ, ಕಲ್ಯಾಣದ ಕೊನೆಯ ದಿನಗಳನ್ನಾಗಲಿ ಅದು ಹೇಳುವುದಿಲ್ಲ. ಸಭೆಗಳಲ್ಲಿ ಕೆಲವರು ಅರ್ಜುನವಾಡದ ಹೆಸರನ್ನೆತ್ತಿ ಎಲ್ಲವೂ ಸಿದ್ಧವಾಯಿತೆಂದು ಭಾಷಣ ಮಾಡುವುದನ್ನು ಕೇಳಿದ್ದೇನೆ. ಅದು ಫ್ಲೀಟ್ ಅವರ ತಪ್ಪಿನ ಇನ್ನೊಂದು ಮುಖ. ಅವರು ಮೌನದಿಂದ ಹೆಚ್ಚು ಹಿಂಡಿದರು. ನಾವು ಮಾತಿನಿಂದ ಹೆಚ್ಚು ಹಿಂಡುತ್ತೇವೆ. ಶಾಸನಗಳಲ್ಲಿ ದೊರೆಯುವ ಶರಣರ ಉಲ್ಲೇಖಗಳನ್ನು ಒಂದೆಡೆ ಕೂಡಿಸಿ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳುವ ಕ್ರಮವನ್ನು ತಿಳಿಯಬೇಕಾದವರು ಎಂ. ಎಂ. ಕಲಬುರ್ಗಿಯವರ 'ಶಾಸನಗಳಲ್ಲಿ ಶಿವಶರಣರು' ಎಂಬ ಗ್ರಂಥವನ್ನೂ ಎಂ. ಚಿದಾನಂದಮೂರ್ತಿಯವರ ಶಾಸನಾಧ್ಯಯನಗಳನ್ನೂ ನೋಡಬೇಕು. ಇವರಿಬ್ಬರ ನಿರ್ಣಯಗಳು ಹಲವೆಡೆ ಬೇರೆಬೇರೆ. ಆದರೂ ಇಬ್ಬರೂ ಕಲ್ಲಿನ ಮುಂದೆ ಕುಳಿತು ಅಕ್ಷರ ಓದಿದವರು. 2015ರ ಆಗಸ್ಟ್ 30ರಂದು ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಸಂಶೋಧಕನ ಮಾತಿಗೆ ಉತ್ತರ ಸಂಶೋಧನೆಯಿಂದ ಬರಬೇಕಾಗಿದ್ದ ನಾಡಿನಲ್ಲಿ ಹೀಗಾಯಿತು.

ಇನ್ನು ಕಲ್ಲನ್ನು ಓದುವ ಕೆಲಸವೆಂದರೇನೆಂಬುದನ್ನು ಹೇಳಬೇಕು. ನಾನು ಬಹಳ ಹಿಂದೆ ಕೆಲಸ ಮಾಡಿದ ಒಂದು ಹಳ್ಳಿಯಲ್ಲಿ ಬಾವಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಚಪ್ಪಡಿಯೊಂದಿತ್ತು. ಅದರ ಒಂದು ತುದಿಯಲ್ಲಿ ಲಿಂಗ, ಆಕಳು ಕರು, ಸೂರ್ಯ ಚಂದ್ರರ ಕೆತ್ತನೆ ಇದ್ದುದನ್ನು ಕಂಡು ಇಲಾಖೆಗೆ ಕಾಗದ ಬರೆದೆ. ಹಲವು ತಿಂಗಳ ಮೇಲೆ ಒಬ್ಬರು ಬಂದರು. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಕಾಗದದ ಸುರುಳಿ, ಗಟ್ಟಿ ಕೂದಲಿನ ಬ್ರಷ್ಷು, ಮಸಿ, ಬಟ್ಟೆಯ ಉಂಡೆ. ಊಟ ಕೂಡ ಮಾಡದೆ ಕಲ್ಲಿಗೆ ನೀರು ಹಾಕಿ ಉಜ್ಜತೊಡಗಿದರು. ಅಕ್ಷರದ ಗೆರೆಗಳಲ್ಲಿ ಕುಳಿತ ಮಣ್ಣೂ ಸುಣ್ಣವೂ ಹೋದ ಮೇಲೆ ಕಾಗದವನ್ನು ನೆನೆಸಿ ಕಲ್ಲಿನ ಮೇಲೆ ಹಾಸಿದರು. ಬ್ರಷ್ಷಿನಿಂದ ಮೆಲ್ಲಮೆಲ್ಲನೆ ಬಡಿದರು. ಕಾಗದ ಕೆತ್ತನೆಯ ತಗ್ಗಿಗೆ ಇಳಿಯಿತು. ಅರೆ ಒಣಗಿದಾಗ ಮಸಿ ಅದ್ದಿದ ಉಂಡೆಯಿಂದ ಒತ್ತಿದರು. ನೆಲವೆಲ್ಲ ಕಪ್ಪು, ತಗ್ಗಿನಲ್ಲಿದ್ದ ಅಕ್ಷರಗಳೆಲ್ಲ ಬಿಳುಪು. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ. ಬಿಸಿಲು ಹೆಚ್ಚಾದರೆ ಬೇಗ ಒಣಗಿ ಸುರುಟುತ್ತದೆ. ಮಸಿ ಮಿಕ್ಕರೆ ಅಕ್ಷರ ಮುಚ್ಚುತ್ತದೆ. ಅಂದು ಮೂರು ಸಲ ಕೆಟ್ಟು ನಾಲ್ಕನೆಯ ಸಲ ಸರಿಯಾಯಿತು. ನನ್ನ ಶಾಲೆಯ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು.

ಆ ಶಾಸನದಲ್ಲಿ ದಾನ ಕೊಟ್ಟವನ ಹೆಸರು ಉಳಿದಿತ್ತು. ಪಡೆದವರ ಹೆಸರಿದ್ದ ಸಾಲುಗಳು ಒಗೆತದಲ್ಲಿ ಸವೆದುಹೋಗಿದ್ದವು. ಎಷ್ಟು ಮನೆಗಳ ಎಷ್ಟು ವರ್ಷಗಳ ಬಟ್ಟೆ ಅದರ ಮೇಲೆ ಬಿದ್ದಿತ್ತೋ! ಯಾರನ್ನು ದೂರುವುದು? ಊರಿಗೆ ನೀರು ಬೇಕು, ಒಗೆಯಲು ಕಲ್ಲು ಬೇಕು. ಇದು ಓಲೆಯೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಪಡಿಯಚ್ಚು ತೆಗೆದ ಮೇಲೆ ನಿಜವಾದ ಶ್ರಮ ಆರಂಭವಾಗುತ್ತದೆ. ಹನ್ನೆರಡನೆಯ ಶತಮಾನದ ಬರಹದಲ್ಲಿ ಮಕಾರ ವಕಾರಗಳು ಅಣ್ಣತಮ್ಮಂದಿರಂತೆ ಇರುತ್ತವೆ. ಎಲ್ಲಿ ೞಕಾರ ಉಳಿದಿದೆ, ಎಲ್ಲಿ ಅದು ಳಕಾರವಾಗಿದೆ, ಱಕಾರವನ್ನು ಸರಿಯಾಗಿ ಬಳಸಿದ್ದಾರೆಯೆ ಎಂಬುದರ ಮೇಲಿಂದ ಕಾಲದ ಅಂದಾಜು ಸಿಗುತ್ತದೆ. ತಿಥಿ ವಾರ ಸಂವತ್ಸರಗಳನ್ನು ಕೊಟ್ಟಿದ್ದರೆ ಪಂಚಾಂಗದ ಗಣಿತಕ್ಕೆ ಇಳಿಯಬೇಕು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆಂದು ಮಕ್ಕಳಿಗೆ ಕಲಿಸುತ್ತೇವೆ; ಆದರೆ ಬರೆದವನು ಹೇಳಿದ್ದು ಕಳೆದ ವರ್ಷವೋ ನಡೆಯುವ ವರ್ಷವೋ ಎಂಬುದರ ಮೇಲೆ ಒಂದು ವರ್ಷದ ಅಂತರ ಬೀಳುತ್ತದೆ. ಶಕ 1182 ಕಳೆದ ವರ್ಷವೆಂದು ಹಿಡಿದರೆ ಅದು ರೌದ್ರಿ ಸಂವತ್ಸರ. ಹೀಗೆ ಅಂಕಿಯೂ ಸಂವತ್ಸರವೂ ವಾರವೂ ಒಂದಕ್ಕೊಂದು ಹೊಂದಿದರೆ ಓದಿದ್ದು ಸರಿಯೆಂಬ ಧೈರ್ಯ ಬರುತ್ತದೆ. ಹೊಂದದಿದ್ದರೆ ಓದಿದವನು ತಪ್ಪಿರಬಹುದು, ಕೊರೆದವನು ತಪ್ಪಿರಬಹುದು, ಅಥವಾ ಶಾಸನವೇ ಕೂಟವಾಗಿರಬಹುದು. ಗಂಗರ ಹಲವು ತಾಮ್ರಪಟಗಳನ್ನು ಫ್ಲೀಟ್ ಕೂಟವೆಂದು ತಳ್ಳಿಹಾಕಿದರು. ಲೂಯಿಸ್ ರೈಸ್ ಅವುಗಳ ಪರವಾಗಿ ನಿಂತರು. ಆ ವಿವಾದ ವರ್ಷಗಟ್ಟಲೆ ನಡೆಯಿತು.

ರೈಸ್ ಅವರ ಹೆಸರು ಬಂದಾಗ ಒಬ್ಬ ಮೇಷ್ಟ್ರಾದ ನನಗೆ ಸ್ವಲ್ಪ ಹೆಮ್ಮೆಯಾಗುತ್ತದೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಈ ಪಾದ್ರಿಯ ಮಗ 1860ರಲ್ಲಿ ಅಲ್ಲಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದರು. ಶಾಲೆ ನೋಡಲು ಹೋದ ಕಡೆ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ನಿಂತ ಕಲ್ಲುಗಳು ಕಂಡವು. ಮೇಜರ್ ಡಿಕ್ಸನ್ ಎಂಬವರು ತೆಗೆದ ಶಾಸನಗಳ ಛಾಯಾಚಿತ್ರಗಳನ್ನು ಅನುವಾದಿಸುವ ಕೆಲಸ ಅವರಿಗೆ ಬಂದಿತು. ಅದರಿಂದ 1879ರಲ್ಲಿ ಒಂದು ಗ್ರಂಥ ಹೊರಬಿತ್ತು. ಕೊಡಗಿನ ಶಾಸನಗಳಿಂದ 1886ರಲ್ಲಿ ತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಇಪ್ಪತ್ತು ವರ್ಷಗಳೊಳಗೆ 12 ಸಂಪುಟಗಳಾಗಿ ಬೆಳೆಯಿತು; ಅವುಗಳಲ್ಲಿ 8869 ಶಾಸನಗಳಿವೆ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರೂ ಅವರೇ. ಅವರು 1906ರಲ್ಲಿ ನಿವೃತ್ತರಾದಾಗ ಆ ಸ್ಥಾನಕ್ಕೆ ಬಂದವರು 'ಕರ್ಣಾಟಕ ಕವಿಚರಿತೆ'ಯ ಆರ್. ನರಸಿಂಹಾಚಾರ್ಯರು. ಶಾಸನ ಓದುವ ಕಣ್ಣೂ ಓಲೆ ಓದುವ ಕಣ್ಣೂ ಅಂದು ಬೇರೆಬೇರೆಯಾಗಿರಲಿಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಟ್ಟುಗಳನ್ನು ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದುದೂ ಇದೇ ಜಾತಿಯ ಉತ್ಖನನವೇ ಸರಿ. ನೆಲದ ಬದಲು ಅಟ್ಟವನ್ನು ಅಗೆದರು, ಅಷ್ಟೆ.

ನೆಲವನ್ನು ಅಗೆಯುವ ಶಾಸ್ತ್ರದ ವಿಚಾರವನ್ನೂ ಹೇಳಬೇಕು. ಹುಡುಗನ ಮನೆಯವರು ನಗುವುದು ಅದನ್ನು ಕಂಡೇ. ಮೈಸೂರಿನ ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆತ ನಡೆಸಿದರು. 1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ, ವೀರಭದ್ರ ದೇವಾಲಯದ ಮುಂದೆ ನಿಂತಿದ್ದ ಕಲ್ಲನ್ನು ಗುರುತಿಸಿ, ಸುಮಾರು ಕ್ರಿಸ್ತಶಕ 450ರ ಕನ್ನಡ ಶಾಸನವೆಂದು ಲೋಕಕ್ಕೆ ತಿಳಿಸಿದವರೂ ಅವರೇ. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಮತ್ತೆ ಅಗೆದು ಮೂರು ಹಂತಗಳನ್ನು ತೋರಿಸಿದರು: ಎಲ್ಲಕ್ಕೂ ಕೆಳಗೆ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳ ಕಬ್ಬಿಣದ ಜನ, ಅದರ ಮೇಲೆ ಶಾತವಾಹನರ ಕಾಲ. ಒಂದರ ಮೇಲೊಂದು ಕೂತ ಮಣ್ಣಿನ ಸ್ತರಗಳನ್ನು ಕಲಸದಂತೆ, ಕರಣೆಯಿಂದ ಸವರಿ ಸವರಿ, ಪ್ರತಿಯೊಂದು ಮಡಕೆಯ ಚೂರಿಗೂ ಅದು ಸಿಕ್ಕ ಸ್ತರದ ಸಂಖ್ಯೆಯನ್ನು ಬರೆದಿಡುವುದೇ ಇಲ್ಲಿಯ ವಿದ್ಯೆ. ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ ರೋಮನರ ವಸ್ತುಗಳ ಜೊತೆಗೆ ಸಿಕ್ಕ ಒಂದು ಬಗೆಯ ಮಡಕೆ ಬ್ರಹ್ಮಗಿರಿಯಲ್ಲಿಯೂ ಸಿಕ್ಕಿತು. ಅದರಿಂದ ಮೇಲಿನ ಸ್ತರದ ಕಾಲ ಗೊತ್ತಾಯಿತು. ಬಂಗಾರಕ್ಕಿಂತ ಬೋಕಿಯೇ ಹೆಚ್ಚು ಬೆಲೆಬಾಳುವ ವೃತ್ತಿ ಇದು. ವೀಲರ್ ಅವರು ಕಲ್ಲಿನ ಕೊಡಲಿಯ ಕಾಲವನ್ನು ಕ್ರಿಸ್ತಪೂರ್ವ ಒಂದನೆಯ ಸಹಸ್ರಮಾನಕ್ಕೆ ಇಳಿಸಿದ್ದರು. ಇದ್ದಲಿನಲ್ಲಿ ಉಳಿದ ಇಂಗಾಲವನ್ನು ಅಳೆದು ಕಾಲ ಹೇಳುವ ವಿಧಾನ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದವರೆಗೆ ಹಿಂದಕ್ಕೆ ಸರಿಯಿತು. ದೊಡ್ಡವರ ನಿರ್ಣಯವೂ ಹೀಗೆ ಬದಲಾಗುತ್ತದೆ. ಅವರ ಸ್ತರಗಳು ಮಾತ್ರ ಬದಲಾಗಲಿಲ್ಲ. ಅಷ್ಟು ಚೊಕ್ಕಟವಾಗಿ ಬರೆದಿಟ್ಟಿದ್ದರು.

ನಮ್ಮ ಓದುಗರಿಗೆ ವಿಶೇಷವಾಗಿ ರುಚಿಸಬಹುದಾದ ಒಂದು ಸಂಗತಿ ಬೂದಿದಿಬ್ಬಗಳದು. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಗುಡ್ಡದಂತೆ ಬೂದಿಯ ರಾಶಿಗಳಿವೆ. ರಾಕ್ಷಸರನ್ನು ಸುಟ್ಟ ಬೂದಿಯೆಂದು ಜನ ಹೇಳುತ್ತಿದ್ದರು. ಹಂಪೆಯ ಬಳಿಯದನ್ನು ವಾಲಿಯ ಬೂದಿಯೆನ್ನುತ್ತಾರೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿಯಿರಬೇಕೆಂದು ಊಹಿಸಿದ್ದರು. 1957ರಲ್ಲಿ ಆಲ್ಚಿನ್ ಅವರು ಉತ್ನೂರಿನಲ್ಲಿ ಅಗೆದಾಗ ದೊಡ್ಡಿಯ ಗೂಟಗಳ ಕುಳಿಗಳೂ, ನೆಲದಲ್ಲಿ ದನಗಳ ಗೊರಸಿನ ಗುರುತುಗಳೂ ಕಂಡವು. ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ದನದೊಡ್ಡಿಯನ್ನೂ ಅದರ ಪಕ್ಕದ ವಸತಿಯನ್ನೂ ಬಿಡಿಸಿ ತೋರಿಸಿದರು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಕಾಲಕಾಲಕ್ಕೆ ಸಗಣಿಯ ರಾಶಿಗೆ ಬೆಂಕಿಯಿಡುತ್ತಿದ್ದರು. ಗೋಮಯವನ್ನು ಸುಟ್ಟ ಬೂದಿಯನ್ನು ಹಣೆಗಿಡುವ ನಾವು ಇದರಿಂದ ಯಾವ ಸಂಬಂಧವನ್ನೂ ಥಟ್ಟನೆ ಕಲ್ಪಿಸಿಕೊಳ್ಳಬಾರದು, ಅದಕ್ಕೆ ಆಧಾರವಿಲ್ಲ. ಆದರೂ ಆ ದಿಬ್ಬದ ಮುಂದೆ ನಿಂತಾಗ ಮನಸ್ಸು ಸುಮ್ಮನಿರುವುದಿಲ್ಲ.

ಹುಡುಗನ ಪ್ರಶ್ನೆಗೆ ಲೌಕಿಕವಾದ ಉತ್ತರವೂ ಬೇಕಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರಕ್ಕೆಂದೇ ವಿಭಾಗವಿದೆ, ಪಿ. ಬಿ. ದೇಸಾಯಿಯವರಂಥ ಶಾಸನತಜ್ಞರು ಪಾಠ ಹೇಳಿದ ಸ್ಥಳವದು. ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಶಾಸನ ಶಾಖೆಯ ಕಚೇರಿ 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು. ರಾಜ್ಯದ ಇಲಾಖೆಯೂ ಮೈಸೂರಿನಲ್ಲಿದೆ. ಅಗೆತದ ಕೆಲಸ ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲವೆಲ್ಲ ಗ್ರಾಮಗಳ ಸರ್ವೇಕ್ಷಣೆ, ಸ್ಮಾರಕಗಳ ರಕ್ಷಣೆ, ವಸ್ತುಸಂಗ್ರಹಾಲಯದ ಪಟ್ಟಿ, ಎಲ್ಲಕ್ಕೂ ಮಿಗಿಲಾಗಿ ವರದಿ ಬರೆಯುವುದು. ಒಮ್ಮೆ ಅಗೆದ ನೆಲವನ್ನು ಮತ್ತೆ ಮೊದಲಿನಂತೆ ಜೋಡಿಸಲು ಬರುವುದಿಲ್ಲ. ವರದಿ ಬರೆಯದೆ ಹೋದರೆ ಅಗೆದವನು ಒಂದು ಪುಸ್ತಕವನ್ನು ಓದುತ್ತ ಓದುತ್ತ ಹಾಳೆ ಹರಿದು ಒಲೆಗೆ ಹಾಕಿದಂತೆ. ಕಾನೂನನ್ನೂ ತಿಳಿದಿರಬೇಕು. 1878ರ ನಿಧಿ ಕಾಯಿದೆ, ರಕ್ಷಿತ ಸ್ಮಾರಕಗಳಿಗೆ ಸಂಬಂಧಿಸಿದ 1958ರ ಕಾಯಿದೆ, ಪ್ರಾಚೀನ ವಸ್ತುಗಳ ಮಾರಾಟ ಸಾಗಣೆಗಳನ್ನು ಕುರಿತ 1972ರ ಕಾಯಿದೆ, ಇವು ಮುಖ್ಯ. ಸಂಬಳದ ವಿಚಾರವನ್ನು ಹುಡುಗ ಕೇಳಲಿಲ್ಲ. ಅವನ ತಂದೆ ಕೇಳುತ್ತಾರೆ. ಹುದ್ದೆಗಳು ಕಡಿಮೆ, ಕಾಯುವ ಕಾಲ ಹೆಚ್ಚು ಎಂದು ನಾನಾಗಿಯೇ ಹೇಳಿಬಿಟ್ಟೆ.

ದೈವಯೋಗದಿಂದ ದೊರೆಯುವುದೂ ಈ ವೃತ್ತಿಯಲ್ಲಿ ಉಂಟು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡವನು ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಭೀಮಾತೀರದ ಸನ್ನತಿಯ ಕಥೆ ಇದಕ್ಕೂ ವಿಚಿತ್ರ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿ 1980ರ ದಶಕದಲ್ಲಿ ಕುಸಿದುಬಿತ್ತು. ಅದನ್ನು ತೆರವು ಮಾಡುವಾಗ ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಬ್ರಾಹ್ಮೀ ಅಕ್ಷರಗಳು ಕಂಡವು. ಮೂರ್ತಿಯನ್ನು ನಿಲ್ಲಿಸಲು ನಡುವೆ ಕೊರೆದ ಕುಳಿಯಲ್ಲಿ ಕೆಲವು ಸಾಲುಗಳು ಹೋಗಿಬಿಟ್ಟಿದ್ದವು. ಎಷ್ಟು ತಲೆಮಾರಿನ ಭಕ್ತರು ಆ ಅಕ್ಷರಗಳಿಗೆ ಅರಿಯದೆಯೇ ಕೈಮುಗಿದರೋ. ಆಮೇಲೆ 1994ರಿಂದ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ಬೌದ್ಧ ಸ್ತೂಪವೊಂದು ಹೊರಬಂದಿತು. ಅದರ ಒಂದು ಫಲಕದಲ್ಲಿ ರಾಣಿ ಪರಿವಾರದೊಡನೆ ನಿಂತ ಅರಸನ ಚಿತ್ರವೂ ರಾಜ ಅಶೋಕನೆಂಬ ಹೆಸರೂ ಇವೆ.

ಹುಡುಗ ಈಗ ಧಾರವಾಡಕ್ಕೆ ಅರ್ಜಿ ಹಾಕಿದ್ದಾನೆ. ಹೋಗುವಾಗ ನನ್ನ ಹಳೆಯ 'ಶಬ್ದಮಣಿದರ್ಪಣ'ದ ಪ್ರತಿಯನ್ನು ಕೊಟ್ಟೆನು. ಕೇಶಿರಾಜನ ಕಾಲವನ್ನೂ ಸುಮಾರು 1260 ಎಂದೇ ಹೇಳುತ್ತಾರೆ. ಅರ್ಜುನವಾಡದ ಕಲ್ಲನ್ನು ಕೊರೆದ ಕಾಲವೇ ಅದು. ೞಕಾರದ ಶಬ್ದಗಳ ಪಟ್ಟಿ ಇರುವ ಪುಟಕ್ಕೆ ಗುರುತು ಇಟ್ಟು, ಮೊದಲು ಅದನ್ನು ಬಾಯಿಪಾಠ ಮಾಡೆಂದು ಹೇಳಿ ಕಳುಹಿಸಿದೆ.